ಮೆಷಿನ್ ಕಸೂತಿ ತಪ್ಪಿತೇ? ಮೊದಲು ಬಟ್ಟೆ ಮಗುಚಿ ನೋಡಿ

ದಸರಾ ಮುಗಿಯುತ್ತಿದ್ದಂತೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಟ ಆರಂಭವಾಗುತ್ತದೆ. ನವೆಂಬರ್ ಒಂದರ ರಾಜ್ಯೋತ್ಸವ, ಅದರ ಬೆನ್ನಿಗೆ ವಾರ್ಷಿಕೋತ್ಸವ, ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮಹಿಳಾ ವಿಭಾಗದ ಅರಸಿನ ಕುಂಕುಮ. ಒಂದು ಕಾಲದಲ್ಲಿ ವೇದಿಕೆಯ ಹಿಂದೆ ಬಟ್ಟೆಯ ಬ್ಯಾನರ್ ಕಟ್ಟಿದರೆ ಸಂಘದ ಹೆಸರು ಬರೆಸುವ ಕೆಲಸ ಮುಗಿಯುತ್ತಿತ್ತು. ಈಗ ಸನ್ಮಾನದ ಶಾಲಿನ ಅಂಚಿಗೆ ಹೆಸರು ಬೇಕು, ಸ್ವಯಂಸೇವಕರ ಟೀ ಶರ್ಟಿನ ಎದೆಗೆ ಲಾಂಛನ ಬೇಕು, ಭಜನಾ ಮಂಡಳಿಯ ಜುಬ್ಬಾದ ಕಿಸೆಯ ಮೇಲೆ ಎರಡು ಸಾಲು ಬೇಕು, ಸಮವಸ್ತ್ರದ ಸೀರೆಗೆ ಒಪ್ಪುವ ರವಿಕೆಯ ತೋಳಿಗೆ ಬಳ್ಳಿ ಬೇಕು. ಇದಿಷ್ಟನ್ನೂ ಹೊಲಿದು ಕೊಡುವುದು ಕಂಪ್ಯೂಟರ್ ಕಸೂತಿ ಯಂತ್ರ.

ಕಾರ್ಯಕ್ರಮಕ್ಕೆ ಎರಡು ದಿನ ಇರುವಾಗ ಕಟ್ಟು ಬಿಚ್ಚಿದರೆ ಐವತ್ತು ಶಾಲುಗಳಲ್ಲೂ 'ಮಹಿಳಾ ವಿಭಾಗ' ಇರಬೇಕಾದಲ್ಲಿ 'ಮಹಿಲಾ ವಿಬಾಗ' ಎಂದು ಹೊಳೆಯುತ್ತಿರುತ್ತದೆ. ಯಂತ್ರದವನು ಫೈಲ್ ಬಂದದ್ದೇ ಹಾಗೆ ಎನ್ನುತ್ತಾನೆ. ಫೈಲ್ ಮಾಡಿದವನು ಚೀಟಿಯಲ್ಲಿ ಬರೆದುಕೊಟ್ಟದ್ದೇ ಹಾಗೆ ಎನ್ನುತ್ತಾನೆ. ಚೀಟಿ ಯಾರ ಬಳಿಯೂ ಇರುವುದಿಲ್ಲ. ಕೊನೆಗೆ ಹೊರೆ ಬೀಳುವುದು ಆರ್ಡರ್ ಹಿಡಿದು ತಂದವರ ತಲೆಯ ಮೇಲೆ. ಅವರು ಬಹಳ ಸಲ ನಮ್ಮವರೇ: ಡೊಂಬಿವಲಿಯಲ್ಲೋ ವಸಾಯಿಯಲ್ಲೋ ಒಂದು ರೂಮ್-ಕಿಚನ್ ಮನೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು, ಮಕ್ಕಳ ಶಾಲೆಯ ಫೀಸಿಗೆ ಆಗಲೆಂದು ರವಿಕೆ ಹೊಲಿಯುವ ಗೃಹಿಣಿಯರು. ಐವತ್ತು ಶಾಲಿನ ಬೆಲೆಯನ್ನು ಅವರ ಕೂಲಿಯಿಂದ ಮುರಿದುಕೊಂಡರೆ ಎರಡು ತಿಂಗಳ ಕೆಲಸ ನೀರಿಗೆ ಹೋದಂತೆ.

ಹೀಗಾದಾಗ ಬಟ್ಟೆಯನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಮೆಷಿನ್ ಕಸೂತಿಯ ತಪ್ಪುಗಳಲ್ಲಿ ಬಹುಪಾಲು ಸರಿಪಡಿಸಬಹುದಾದವೇ. ಆದರೆ ಸಿಟ್ಟಿನಲ್ಲಿ ಮುಂಭಾಗದಿಂದ ಬ್ಲೇಡ್ ಹಾಕಿದರೆ ಸರಿಯಾಗಬೇಕಾದದ್ದೂ ಕೆಡುತ್ತದೆ. ಮೊದಲ ಕೆಲಸ ಬಟ್ಟೆಯನ್ನು ಮಗುಚಿ ಹಾಕಿ ಹಿಂಭಾಗ ನೋಡುವುದು.

ಹಿಂಭಾಗದಲ್ಲಿ ಏನಿದೆ?

ಧಾರವಾಡ ಕಡೆಯ ಕಸೂತಿ ಗೊತ್ತಿರುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಇಳಕಲ್ ಸೀರೆಯ ಮೇಲೆ ಗವಂತಿ, ಮುರ್ಗಿ ಹೊಲಿಗೆ ಹಾಕುವಾಗ ಎಳೆ ಎಣಿಸಿಕೊಂಡು ಹೋಗಿ, ಅದೇ ದಾರಿಯಲ್ಲಿ ಮರಳಿ ಬರುತ್ತಾರೆ. ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಒಂದೇ ರೀತಿ ಕಾಣುತ್ತದೆ. ಅಲ್ಲಿ ಇರುವುದು ಒಂದೇ ಸೂಜಿ, ಒಂದೇ ದಾರ. ಎಣಿಕೆ ತಪ್ಪಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬಿಚ್ಚಿಕೊಂಡು ಹೋಗಬಹುದು.

ಯಂತ್ರದ ಕಸೂತಿಯಲ್ಲಿ ದಾರ ಎರಡು. ಮೇಲೆ ಹೊಳೆಯುವ ಬಣ್ಣದ ದಾರ, ಅದು ರೇಯಾನ್ ಅಥವಾ ಪಾಲಿಯೆಸ್ಟರ್. ಕೆಳಗಿನಿಂದ ಬಾಬಿನ್ ದಾರ, ಸಾಮಾನ್ಯವಾಗಿ ಬಿಳಿ, ಮೇಲಿನದಕ್ಕಿಂತ ತೆಳು. ಪ್ರತಿ ಹೊಲಿಗೆಯಲ್ಲೂ ಇವೆರಡೂ ಒಂದನ್ನೊಂದು ಕೊಂಡಿಯಂತೆ ಹಿಡಿದುಕೊಂಡಿರುತ್ತವೆ. ಆದ್ದರಿಂದ ಮುಂಭಾಗದ ಬಣ್ಣದ ದಾರವನ್ನು ಎಷ್ಟು ಎಳೆದರೂ ಬರುವುದಿಲ್ಲ, ಬಟ್ಟೆ ಸುಕ್ಕಾಗುತ್ತದೆ ಅಷ್ಟೇ. ಹಿಂದಿರುವ ಬಿಳಿ ದಾರವನ್ನು ಕತ್ತರಿಸಿದಿರೋ, ಮುಂದಿನದಕ್ಕೆ ಹಿಡಿತವೇ ಇಲ್ಲ. ಬೆರಳಿನಲ್ಲಿ ಉಜ್ಜಿದರೆ ಎದ್ದು ಬರುತ್ತದೆ.

ಹಿಂಭಾಗದಲ್ಲಿ ಇನ್ನೊಂದು ವಸ್ತು ಇರುತ್ತದೆ. ಹೊಲಿಯುವಾಗ ಬಟ್ಟೆ ಜಗ್ಗದಂತೆ ಹಾಕಿದ ಗಟ್ಟಿ ಪೇಪರ್. ಬಿಚ್ಚುವ ಕೆಲಸಕ್ಕೆ ಕೂತವರು ಅಂದಗೆಟ್ಟಿದೆ ಎಂದು ಅದನ್ನೇ ಮೊದಲು ಹರಿದು ಹಾಕುತ್ತಾರೆ. ಹಾಗೆ ಮಾಡಬೇಡಿ. ರಿಪ್ಪರಿನ ಮೊನೆಗೂ ನಿಮ್ಮ ಬಟ್ಟೆಗೂ ನಡುವೆ ಇರುವ ರಕ್ಷಣೆ ಅದೊಂದೇ.

ಬೇಕಾದ ಸಾಮಾನು ಹೆಚ್ಚಿಲ್ಲ. ಹೊಸ, ಹರಿತವಾದ ಸೀಮ್ ರಿಪ್ಪರ್, ಮೊನೆ ಬಾಗಿದ ಚಿಕ್ಕ ಕತ್ತರಿ, ಹುಬ್ಬು ಕೀಳುವ ಚಿಮಟ, ಪ್ಯಾಕಿಂಗ್ ಟೇಪು, ಒಳ್ಳೆಯ ಬೆಳಕು. ಮೊಂಡಾದ ರಿಪ್ಪರ್ ದಾರವನ್ನು ಕತ್ತರಿಸದೆ ಬಟ್ಟೆಯ ಎಳೆಯನ್ನೂ ಸೇರಿಸಿ ಜಗ್ಗುತ್ತದೆ. ಹೊಸದಕ್ಕೆ ಕೊಡುವ ಹಣ ಶಾಲಿನ ಬೆಲೆಯ ಮುಂದೆ ಏನೂ ಅಲ್ಲ. ಗಡ್ಡ ಟ್ರಿಮ್ ಮಾಡುವ ಯಂತ್ರವನ್ನು ಹೋಲುವ, ಹಿಂಭಾಗದ ದಾರವನ್ನು ಬೋಳಿಸುವ ವಿದ್ಯುತ್ ಉಪಕರಣಗಳೂ ಸಿಗುತ್ತವೆ. ನೂರಾರು ಬಟ್ಟೆ ಬಿಚ್ಚುವ ಘಟಕಗಳಿಗೆ ಅದು ಸರಿ. ಕೈ ಪಳಗದವರು ರೇಷ್ಮೆಯ ಮೇಲೆ ಅದನ್ನು ಓಡಿಸದಿರುವುದೇ ಕ್ಷೇಮ.

ಅಕ್ಷರಗಳಿಗೆ ಹಾಕುವುದು ಹೆಚ್ಚಾಗಿ ಸ್ಯಾಟಿನ್ ಹೊಲಿಗೆ. ದಾರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತೊತ್ತಾಗಿ ಓಡಾಡಿರುತ್ತದೆ. ಹಿಂಭಾಗದಲ್ಲಿ ಈ ಪಟ್ಟಿಯ ನಡುವೆ ಬಿಳಿ ದಾರದ ಒಂದು ಗೆರೆ ಕಾಣುತ್ತದೆ. ರಿಪ್ಪರನ್ನು ಅದರಡಿ ತೂರಿಸಿ, ಒಂದು ಸಲಕ್ಕೆ ಅರ್ಧ ಇಂಚಿಗಿಂತ ಹೆಚ್ಚಿಲ್ಲದಂತೆ, ಮೇಲಕ್ಕೆ ಎತ್ತಿ ಕತ್ತರಿಸಬೇಕು. ಮುಂದಕ್ಕೆ ನೂಕಬಾರದು. ಒಂದು ಅಕ್ಷರ ಮುಗಿದ ಮೇಲೆ ಬಟ್ಟೆ ತಿರುಗಿಸಿ, ಚಿಮಟದಿಂದ ಬಣ್ಣದ ದಾರ ಎತ್ತಿ, ಉಳಿದ ತುಣುಕುಗಳನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ಆಗ ಅಡಿಯಲ್ಲಿ ಇನ್ನೊಂದು ವಿರಳ ಹೊಲಿಗೆ ಕಾಣಿಸುತ್ತದೆ. ಅದು ಮೇಲಿನ ಸ್ಯಾಟಿನ್ ಉಬ್ಬಿ ನಿಲ್ಲಲೆಂದು ಯಂತ್ರ ಮೊದಲೇ ಹಾಕಿದ ತಳಪಾಯ. ಅದನ್ನೂ ಹಿಂಭಾಗದಿಂದಲೇ ಬಿಚ್ಚಬೇಕು. ಲಾಂಛನದ ಒಳಗೆ ಬಣ್ಣ ತುಂಬಿದ ಜಾಗದಲ್ಲಿ ಹೊಲಿಗೆಗಳು ಚಿಕ್ಕವು, ಅಡ್ಡಾದಿಡ್ಡಿ, ಅಲ್ಲಿ ಒಂದು ಕಾಸಿನಗಲದ ಜಾಗವನ್ನು ಮುಗಿಸಿ ಮುಂದಿನದಕ್ಕೆ ಹೋಗುವ ತಾಳ್ಮೆ ಬೇಕು.

ತಾಳ್ಮೆಯ ಲೆಕ್ಕವನ್ನೂ ಹೇಳಿಬಿಡೋಣ. ಯಂತ್ರಗಳು ನಿಮಿಷಕ್ಕೆ ಸುಮಾರು 600ರಿಂದ 1,000 ಹೊಲಿಗೆ ಹಾಕುತ್ತವೆ. 8,000 ಹೊಲಿಗೆಯ ಲಾಂಛನ ಹತ್ತು ನಿಮಿಷದ ಕೆಲಸ. ಅದನ್ನು ಕೈಯಲ್ಲಿ ಬಿಚ್ಚಲು ಕುಳಿತರೆ ಒಂದು ಮಧ್ಯಾಹ್ನ ಹೋಗುತ್ತದೆ. ಆದ್ದರಿಂದ ಇಡೀ ಲಾಂಛನ ಬಿಚ್ಚುವ ಮೊದಲು, ಬಿಚ್ಚದೆ ಸರಿಪಡಿಸಲು ಸಾಧ್ಯವೇ ಎಂದು ಯೋಚಿಸಬೇಕು.

ನಮ್ಮ ಅಕ್ಷರಗಳ ಪಾಡು

ಕನ್ನಡದ ಹೆಸರುಗಳು ಯಂತ್ರದಲ್ಲಿ ಏಕೆ ಇಷ್ಟು ತಪ್ಪುತ್ತವೆ? ಯಂತ್ರಕ್ಕೆ ಯಾವ ಭಾಷೆಯೂ ಬರುವುದಿಲ್ಲ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಘಟಕಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವ, ಜಪಾನಿನ ತಜಿಮಾ ಯಂತ್ರಗಳಿಂದ ಬಂದ ಡಿಎಸ್‌ಟಿ ಫೈಲಿನಲ್ಲಿ ಅಕ್ಷರವೂ ಇಲ್ಲ, ಬಣ್ಣದ ಹೆಸರೂ ಇಲ್ಲ. ಸೂಜಿ ಎಷ್ಟು ಬಲಕ್ಕೆ, ಎಷ್ಟು ಮೇಲಕ್ಕೆ ಹೋಗಬೇಕು, ಎಲ್ಲಿ ನಿಂತು ಬಣ್ಣ ಬದಲಿಸಬೇಕು ಎನ್ನುವ ಸೂಚನೆಗಳಷ್ಟೇ. ಅಕ್ಷರ ಸರಿಯೋ ತಪ್ಪೋ ನಿರ್ಧಾರವಾಗುವುದು ಅದಕ್ಕೂ ಮೊದಲು, ಚಿತ್ರವನ್ನು ಹೊಲಿಗೆಯಾಗಿ ಬದಲಿಸುವವನ ಮೇಜಿನಲ್ಲಿ. ಈ ಕೆಲಸಕ್ಕೆ ಬಜಾರಿನಲ್ಲಿ ಪಂಚಿಂಗ್ ಎಂದು ಹೆಸರು.

ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಫ್ರಾನ್ಸಿನ ಮ್ಯೂಲೂಜ್ ಪಟ್ಟಣದ ಜೋಸುವೆ ಹೈಲ್‌ಮನ್ 1828ರಲ್ಲಿ ಕಸೂತಿಯ ಕೈಯಂತ್ರವನ್ನು ರೂಪಿಸಿದ. ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ 1863ರಲ್ಲಿ ಹೊಲಿಗೆ ಯಂತ್ರದಂತೆ ಎರಡು ದಾರದಲ್ಲಿ ಕೆಲಸ ಮಾಡುವ ಯಂತ್ರವನ್ನು ಮಾಡಿದ. ಅದರೊಳಗಿನ ಲಾಳಿ ದೋಣಿಯಂತೆ ಇದ್ದುದರಿಂದ ಚಿಕ್ಕ ದೋಣಿ ಎಂಬರ್ಥದ ಶಿಫ್ಲಿ ಎನ್ನುವ ಹೆಸರು ಬಂತು. ಗ್ರೋಬ್ಲಿಯ ಮಗ 1898ರಲ್ಲಿ ರಟ್ಟಿನ ಪಟ್ಟಿಗೆ ತೂತು ಹೊಡೆದು ಯಂತ್ರಕ್ಕೆ ಆಜ್ಞೆ ಕೊಡುವ ವ್ಯವಸ್ಥೆಯನ್ನು ತಂದ. ತೂತು ಹೊಡೆಯುವುದೇ ಪಂಚಿಂಗ್. ರಟ್ಟು ಹೋಗಿ ಕಂಪ್ಯೂಟರ್ ಬಂದರೂ ಹೆಸರು ಹಾಗೇ ಉಳಿಯಿತು. ಇನ್ನೊಂದು ಸಂಗತಿ: ಆ ಸ್ವಿಸ್ ಕಾರ್ಖಾನೆಗಳಲ್ಲಿ ಯಂತ್ರದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಪ್ಪಿದ ಹೊಲಿಗೆಗಳನ್ನು ತುಂಬುವುದಕ್ಕೆಂದೇ ಹೆಂಗಸರಿದ್ದರು. ಕಸೂತಿಯ ತಪ್ಪು ತಿದ್ದುವ ಕೆಲಸಕ್ಕೆ ಯಂತ್ರದಷ್ಟೇ ವಯಸ್ಸಾಗಿದೆ.

ಮತ್ತೆ ಪಂಚಿಂಗ್ ಮೇಜಿಗೆ ಬರೋಣ. ಮುಂಬಯಿಯಲ್ಲಿ ಅಲ್ಲಿ ಕೂತವರಿಗೆ ಹಿಂದಿಯೋ ಮರಾಠಿಯೋ ಗುಜರಾತಿಯೋ ಗೊತ್ತಿರುತ್ತದೆ, ಕನ್ನಡ ಗೊತ್ತಿರುವುದು ಅಪರೂಪ. ನಮ್ಮ ಸಂಘದವರು ವಾಟ್ಸಾಪಿನಲ್ಲಿ ಹೆಸರು ಕಳುಹಿಸುತ್ತಾರೆ. ಅವರು ಅದನ್ನು ತೆಗೆದು ತಮ್ಮ ಸಾಫ್ಟ್‌ವೇರಿಗೆ ಅಂಟಿಸುತ್ತಾರೆ. ಕನ್ನಡದ ಒತ್ತಕ್ಷರ ಜೋಡಿಸಲು ಬರದ ಸಾಫ್ಟ್‌ವೇರ್ ಆದರೆ 'ಕನ್ನಡ' ಹೋಗಿ 'ಕನ್‌ನಡ' ಆಗುತ್ತದೆ, 'ಕರ್ನಾಟಕ' ಹೋಗಿ 'ಕರ್‌ನಾಟಕ' ಆಗುತ್ತದೆ. ನುಡಿಯಂತಹ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಫೈಲ್ ಕೊಟ್ಟರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಆಗ ಅವರು ತಮಗೆ ತೋಚಿದಂತೆ ಇಂಟರ್‌ನೆಟ್‌ನಿಂದ ಹುಡುಕಿ ಹಾಕುತ್ತಾರೆ. ಇನ್ನು 'ಮಹಿಳಾ' ಎಂಬ ಪದ 'ಮಹಿಲಾ' ಆಗುವುದಕ್ಕೆ ಕಂಪ್ಯೂಟರೂ ಬೇಡ. ಹಿಂದಿಯ ಕಿವಿಗೆ ಅದೇ ಸರಿ.

ತಪ್ಪು ಯಾವ ಬಗೆಯದು ಎಂಬುದರ ಮೇಲೆ ಚಿಕಿತ್ಸೆ ಬೇರೆ. ಅತ್ಯಂತ ಸುಲಭದ್ದು ಅಲ್ಪಪ್ರಾಣವಾಗಿ ಉಳಿದ ಮಹಾಪ್ರಾಣ. 'ವಿಬಾಗ'ವನ್ನು 'ವಿಭಾಗ' ಮಾಡಲು ಏನನ್ನೂ ಬಿಚ್ಚಬೇಕಾಗಿಲ್ಲ. ಅದೇ ಬಣ್ಣದ ಒಂದೆಳೆ ದಾರ ತೆಗೆದುಕೊಂಡು ಬ ಅಕ್ಷರದ ಅಡಿಯಲ್ಲಿ ಪುಟ್ಟ ಗೀಟು ಹೊಲಿದರೆ ಆಯಿತು. ದ ಇದ್ದಲ್ಲಿ ಧ, ಪ ಇದ್ದಲ್ಲಿ ಫ, ಡ ಇದ್ದಲ್ಲಿ ಢ ಹೀಗೆಯೇ. ಮಹಾಪ್ರಾಣ ತುಂಬುವುದಕ್ಕೆ ಕೈಹೊಲಿಗೆಯ ನಾಲ್ಕಾರು ಎಳೆ ಸಾಕು. ಬೇಡದ ಗೀಟು ಬಂದಿದ್ದರೆ ಅದೊಂದನ್ನೇ ಹಿಂಭಾಗದಿಂದ ಬಿಚ್ಚಬಹುದು. ಬಿಟ್ಟುಹೋದ ಒತ್ತನ್ನೂ ಕೈಯಲ್ಲಿ ಸೇರಿಸಬಹುದು, ಅಕ್ಷರದ ಕೆಳಗೆ ಬಲಬದಿಯಲ್ಲಿ ಜಾಗ ಇದ್ದರೆ.

ಲ ತೆಗೆದು ಳ ಹಾಕುವುದು ಎರಡನೆಯ ದರ್ಜೆಯ ಕಷ್ಟ. ಇಲ್ಲಿ ಎಚ್ಚರ ಬೇಕಾದದ್ದು ಪಕ್ಕದ ಅಕ್ಷರಗಳ ಬಗ್ಗೆ. ಹಿಂಭಾಗದಲ್ಲಿ ಒಂದು ಅಕ್ಷರದಿಂದ ಇನ್ನೊಂದಕ್ಕೆ ದಾರ ಹಾಯ್ದಿರುತ್ತದೆ. ಅದನ್ನು ಬುಡಕ್ಕೇ ಕತ್ತರಿಸಿದರೆ ಇವತ್ತು ಏನೂ ಆಗುವುದಿಲ್ಲ, ಎರಡನೆಯ ಒಗೆತಕ್ಕೆ ಪಕ್ಕದ ಅಕ್ಷರವೂ ಬಿಚ್ಚಿಕೊಳ್ಳುತ್ತದೆ. ನಡುವೆ ಕತ್ತರಿಸಿ, ಒಂದು ಸೆಂಟಿಮೀಟರಿನಷ್ಟು ಬಾಲ ಉಳಿಸಿ, ಆ ಬಾಲವನ್ನು ಸೂಜಿಯಿಂದ ಪಕ್ಕದ ಅಕ್ಷರದ ಹಿಂಭಾಗದ ಹೊಲಿಗೆಗಳ ಅಡಿಗೆ ತೂರಿಸಿಬಿಡಿ. ಬಳಿಕ ಖಾಲಿಯಾದ ಜಾಗದಲ್ಲಿ ಳ ಬರೆದು ಕೈಯಿಂದ ಸ್ಯಾಟಿನ್ ಹೊಲಿಗೆ ತುಂಬಬೇಕು. ಬರೆಯಲು ನೀರಿನಲ್ಲಿ ಹೋಗುವ ಪೆನ್ ಬಳಸಿದ್ದರೆ, ತೊಳೆಯುವ ಮೊದಲು ಇಸ್ತ್ರಿ ಮುಟ್ಟಿಸಬಾರದು. ಬಿಸಿ ತಾಗಿದರೆ ಆ ನೀಲಿ ಗೆರೆ ಬಟ್ಟೆಯಲ್ಲಿ ಉಳಿದುಬಿಡುತ್ತದೆ.

ಯಂತ್ರದಲ್ಲೇ ಒಂದು ಅಕ್ಷರ ಮತ್ತೆ ಹಾಕಿಸುವುದಾದರೆ, ಫ್ರೇಮಿನಲ್ಲಿ ಮೊದಲಿನ ಜಾಗಕ್ಕೇ ಕೂರಿಸುವುದು ದೊಡ್ಡ ಕೆಲಸ. ಅದೇ ಅಳತೆಯ ಪ್ರಿಂಟನ್ನು ಕಾಗದದಲ್ಲಿ ತೆಗೆದು, ಉಳಿದ ಅಕ್ಷರಗಳ ಮೇಲೆ ಹೊಂದಿಸಿ ಪಿನ್ ಮಾಡಿ, ಸೂಜಿಯನ್ನು ಕೈಯಲ್ಲಿ ಇಳಿಸಿ ಮೊದಲ ಬಿಂದು ಸರಿಯಾಗಿ ಬೀಳುತ್ತದೆಯೇ ಎಂದು ನೋಡಿಯೇ ಗುಂಡಿ ಒತ್ತಬೇಕು. ಒಂದು ಮಿಲಿಮೀಟರ್ ಸರಿದರೂ ಕಣ್ಣಿಗೆ ಹೊಡೆಯುತ್ತದೆ.

'ಕನ್‌ನಡ'ದಂತಹ ತಪ್ಪಿಗೆ ಮಾತ್ರ ಬಿಚ್ಚುವ ಹಂಬಲ ಬಿಡುವುದು ಒಳ್ಳೆಯದು. ಅಕ್ಷರಗಳ ಸಂಖ್ಯೆಯೇ ಬದಲಾಗಿರುತ್ತದೆ, ಅಂತರ ಹೊಂದುವುದಿಲ್ಲ. ಅದೇ ಬಣ್ಣದ ಅಥವಾ ಒಪ್ಪುವ ಬೇರೆ ಬಣ್ಣದ ಬಟ್ಟೆಯ ತುಂಡಿನಲ್ಲಿ ಸರಿಯಾದ ಹೆಸರು ಹೊಲಿಸಿ, ಅಂಚಿಗೆ ಸ್ಯಾಟಿನ್ ಸುತ್ತಿಸಿ, ತಪ್ಪಿದ ಹೆಸರಿನ ಮೇಲೆ ಪಟ್ಟಿಯಂತೆ ಕೂರಿಸಬೇಕು. ಹಳೆಯ ಹೊಲಿಗೆಯ ಸುತ್ತಲೂ ಕನಿಷ್ಠ ಅರ್ಧ ಸೆಂಟಿಮೀಟರ್ ಹೆಚ್ಚು ಇರಲಿ. ಇಸ್ತ್ರಿಯಲ್ಲಿ ಅಂಟುವ ಪಟ್ಟಿ ಸುಲಭವೆಂದು ಕಂಡರೂ ಒಗೆದಂತೆ ಅಂಚು ಏಳುತ್ತದೆ, ಸುತ್ತ ಕೈಹೊಲಿಗೆ ಹಾಕಲೇಬೇಕು. ಶಾಲಿಗೆ ಹಿಂಭಾಗವೂ ಕಾಣುತ್ತದೆ ಎಂಬುದು ನೆನಪಿರಲಿ. ಹಿಂದಿನಿಂದಲೂ ಒಂದು ಅಸ್ತರ್ ಪಟ್ಟಿ ಕೊಟ್ಟರೆ ಸನ್ಮಾನಿತರು ಮನೆಯಲ್ಲಿ ಮಡಚುವಾಗ 'ಕನ್‌ನಡ' ಇಣುಕುವುದಿಲ್ಲ.

ರೇಷ್ಮೆಯ ಮಾತೇ ಬೇರೆ

ಇಲ್ಲಿಯವರೆಗೆ ಹೇಳಿದ್ದು ಹತ್ತಿ, ಟೆರಿಕಾಟ್, ದಪ್ಪ ಶಾಲುಗಳಿಗೆ ಸಲ್ಲುತ್ತದೆ. ಮದುವೆಯ ರವಿಕೆಯ ವಿಷಯದಲ್ಲಿ ಒಂದು ಕ್ಷಣ ನಿಲ್ಲಬೇಕು. ಸ್ಯಾಟಿನ್ ಹೊಲಿಗೆಯಲ್ಲಿ ಸಾಮಾನ್ಯವಾಗಿ 0.4 ಮಿಲಿಮೀಟರಿಗೆ ಒಂದು ಎಳೆ ಬೀಳುತ್ತದೆ. ಅಂದರೆ ಒಂದು ಸೆಂಟಿಮೀಟರ್ ಉದ್ದದ ಅಂಚಿನಲ್ಲಿ ಸೂಜಿ 25 ಸಲ ಚುಚ್ಚಿರುತ್ತದೆ. ಹತ್ತಿ ಬಟ್ಟೆಯಲ್ಲಿ ಈ ತೂತುಗಳು ಮುಚ್ಚಿಕೊಳ್ಳುತ್ತವೆ. ಹಬೆ ಕೊಟ್ಟು, ಚಮಚದ ಬೆನ್ನಿನಿಂದಲೋ ಉಗುರಿನಿಂದಲೋ ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಉಜ್ಜಿ, ಒಮ್ಮೆ ಒಗೆದರೆ ಗುರುತೇ ಸಿಗದು. ತೆಳು ರೇಷ್ಮೆ, ಟಿಶ್ಯೂ, ಸ್ಯಾಟಿನ್ ಬಟ್ಟೆಯಲ್ಲಿ ಅವು ಉಳಿದುಬಿಡುತ್ತವೆ. ಅದೇ ಜಾಗಕ್ಕೆ ಮತ್ತೊಮ್ಮೆ ಯಂತ್ರ ಹಾಯಿಸಿದರೆ ಅಂಚೆ ಚೀಟಿಯ ಅಂಚಿನಂತೆ ಹರಿದು ಬರುವ ಅಪಾಯವಿದೆ.

ಆದ್ದರಿಂದ ರೇಷ್ಮೆಯಲ್ಲಿ ಬಿಚ್ಚುವುದು ಕೊನೆಯ ದಾರಿ. ಮೊದಲು ಮುಚ್ಚುವ ದಾರಿ ಹುಡುಕಬೇಕು. ಬಳ್ಳಿಯ ಒಂದು ಎಲೆ ವಕ್ರವಾಗಿ ಬಂದಿದ್ದರೆ ಅದರ ಪಕ್ಕ ಕೈಯಿಂದ ಇನ್ನೊಂದು ಎಲೆ, ಅಥವಾ ಮೇಲೊಂದು ಮಣಿ, ಚಮ್ಕಿ, ಕುಂದನ್. ಎರಡು ತೋಳುಗಳ ವಿನ್ಯಾಸ ಒಂದು ಮೇಲೆ ಒಂದು ಕೆಳಗೆ ಬಂದಿದ್ದರೆ ಕೆಳಗಿನದಕ್ಕೆ ಅಂಚಿನಲ್ಲಿ ಒಂದು ಸಾಲು ಹೆಚ್ಚು ಸೇರಿಸಿ ಸಮ ಮಾಡಬಹುದು. ಬಣ್ಣ ತುಂಬಿದ ಭಾಗಕ್ಕೂ ಸುತ್ತಿನ ಗೆರೆಗೂ ನಡುವೆ ಬಟ್ಟೆ ಇಣುಕುತ್ತಿದ್ದರೆ ಅದೇ ದಾರದ ಒಂದೆಳೆಯಿಂದ ಆ ಸಂದಿಯನ್ನು ಮಾತ್ರ ತುಂಬಿದರೆ ಸಾಕು. ಬಿಳಿ ಬಾಬಿನ್ ದಾರ ಮೇಲೆ ಚುಕ್ಕೆ ಚುಕ್ಕೆಯಾಗಿ ಕಂಡರೆ, ಅದೇ ಬಣ್ಣದ ಬಟ್ಟೆಯ ಪೆನ್ನಿನ ಮೊನೆಯನ್ನು ಆ ಚುಕ್ಕೆಗಳಿಗೆ ಮುಟ್ಟಿಸಬಹುದು. ಮೊದಲು ಬೇರೆ ಚೂರಿನಲ್ಲಿ ಪರೀಕ್ಷಿಸಿ.

ಬಳೆಗೆ ಸಿಕ್ಕಿ ಒಂದು ದಾರ ಕುಣಿಕೆಯಂತೆ ಎದ್ದು ನಿಂತರೆ ಕತ್ತರಿಸುವವರೇ ಹೆಚ್ಚು. ಕತ್ತರಿಸಿದರೆ ಅಲ್ಲಿಂದ ಬಿಚ್ಚಿಕೊಳ್ಳಲು ಶುರು. ಸಣ್ಣ ಕ್ರೋಶಾ ಕಡ್ಡಿಯಿಂದ ಅದನ್ನು ಹಿಂಭಾಗಕ್ಕೆ ಎಳೆದು ಅಲ್ಲಿ ಒಂದು ಹೊಲಿಗೆ ಹಾಕಿ ಹಿಡಿಸಿ. ಆರಿ ಸೂಜಿಯ ಕೆಲಸ ಇದ್ದ ರವಿಕೆಯಾದರೆ ಇನ್ನೂ ಜಾಗ್ರತೆ. ಆರಿ, ಮಗ್ಗಂ ಎಂದು ಕರೆಯುವ ಕೆಲಸ ಸರಪಳಿ ಹೊಲಿಗೆಯದು, ಒಂದೇ ದಾರದ್ದು. ಅದರ ಕೊನೆಯ ತುದಿ ಸಿಕ್ಕಿ ಎಳೆದರೆ ಇಡೀ ಬಳ್ಳಿ ಸರಸರನೆ ಬಿಚ್ಚುತ್ತದೆ. ಬಿಚ್ಚಬೇಕಾದಾಗ ಇದೇ ಗುಣ ಅನುಕೂಲ, ಬೇಡದಾಗ ಆಪತ್ತು. ಯಂತ್ರದ ಕೆಲಸವೋ ಆರಿಯದೋ ಎಂದು ತಿಳಿಯಲು ಮತ್ತೆ ಹಿಂಭಾಗವನ್ನೇ ನೋಡಬೇಕು. ಬಿಳಿ ಬಾಬಿನ್ ದಾರ ಇದ್ದರೆ ಅದು ಯಂತ್ರದ ಬೀಗಹೊಲಿಗೆ.

ಹೊಲಿದು ಮುಗಿದ ರವಿಕೆಯಲ್ಲಿ ಹಿಂಭಾಗ ಕಾಣುವುದಾದರೂ ಹೇಗೆ, ಅಸ್ತರ್ ಇದೆಯಲ್ಲ ಎಂದು ಕೇಳಬಹುದು. ಅಸ್ತರಿನ ಕೆಳ ಅಂಚನ್ನೋ ತೋಳಿನ ಮಡಿಕೆಯನ್ನೋ ಮೂರು ನಾಲ್ಕು ಇಂಚು ಬಿಚ್ಚಿ ಒಳಗೆ ಕೈ ಹಾಕುವಷ್ಟು ದಾರಿ ಮಾಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಕೈಯಲ್ಲಿ ಮುಚ್ಚಿದರೆ ಗೊತ್ತಾಗುವುದಿಲ್ಲ. ಅಸ್ತರಿನ ಮೇಲಿನಿಂದಲೇ ರಿಪ್ಪರ್ ಹಾಕಿದವರು ಎರಡು ಬಟ್ಟೆ ಹಾಳು ಮಾಡಿಕೊಳ್ಳುತ್ತಾರೆ.

ಸುತ್ತ ಬಟ್ಟೆ ಸುಕ್ಕುಗಟ್ಟಿರುವುದು ಮಾತ್ರ ಪೂರ್ತಿ ಹೋಗುವ ದೋಷವಲ್ಲ. ಅದು ಹಿಂದೆ ಹಾಕಿದ ಪೇಪರ್ ಸಾಲದೆಯೋ, ಫ್ರೇಮಿನಲ್ಲಿ ಬಟ್ಟೆಯನ್ನು ಎಳೆದು ಬಿಗಿದದ್ದರಿಂದಲೋ ಬಂದದ್ದು. ದಪ್ಪ ಟವೆಲ್ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ, ಹಿಂಭಾಗದಿಂದ ಹಬೆ ಕೊಟ್ಟರೆ ಸ್ವಲ್ಪ ಮಟ್ಟಿಗೆ ಸಮವಾಗುತ್ತದೆ. ಜರಿಯಂತೆ ಹೊಳೆಯುವ ದಾರಕ್ಕೆ ನೇರವಾಗಿ ಬಿಸಿ ಇಸ್ತ್ರಿ ಇಡಬಾರದು, ಅದರ ಮೇಲಿನ ಪ್ಲಾಸ್ಟಿಕ್ ಪದರ ಮುದುಡುತ್ತದೆ. ರೇಯಾನ್ ದಾರ ಒದ್ದೆಯಾದಾಗ ಬಲಹೀನ, ಒದ್ದೆಯಿರುವಾಗ ಉಜ್ಜಿ ತಿಕ್ಕಬೇಡಿ. ಕೆಂಪು ದಾರ ಬಣ್ಣ ಬಿಟ್ಟು ಹಳದಿ ಶಾಲಿಗೆ ಹತ್ತಿದರೆ, ಒಣಗುವ ಮೊದಲೇ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಾಡಿ. ಇಸ್ತ್ರಿ ಹಾಕಿದರೆ ಕಲೆ ಶಾಶ್ವತ.

ಹಳೆಯ ಬಟ್ಟೆಯ ಮೇಲಿನ ಹೆಸರು ತೆಗೆಸಲು ಬರುವವರೂ ಇದ್ದಾರೆ. ಪದಾಧಿಕಾರಿಗಳು ಬದಲಾದರು, ಕಳೆದ ವರ್ಷದ ಕೋಟಿನ ಮೇಲಿನ ಹುದ್ದೆ ಅಳಿಸಬೇಕು ಎಂದು! ಹೊಲಿಗೆ ಹೋದರೂ ಅದರಡಿ ಬಿಸಿಲು ತಾಗದ ಬಟ್ಟೆ ಗಾಢವಾಗಿ ಉಳಿದು, ಹಳೆಯ ಹುದ್ದೆ ನೆರಳಿನಂತೆ ಓದಲು ಸಿಗುತ್ತದೆ. ಅಲ್ಲಿಗೂ ಪಟ್ಟಿಯೇ ಮದ್ದು.

ಹಣ ಯಾರು ಕೊಡಬೇಕು?

ಇದು ಸಂಘಗಳ ಸಭೆಯಲ್ಲಿ ಯಾರೂ ಎತ್ತದ ಪ್ರಶ್ನೆ. ಕೊಟ್ಟ ಬರಹದಲ್ಲೇ ತಪ್ಪಿದ್ದರೆ ನಷ್ಟ ಸಂಘದ್ದು, ಸರಿಯಾದ ಬರಹ ಕೈಯಲ್ಲಿದ್ದೂ ತಪ್ಪಾಗಿ ಹೊಲಿದಿದ್ದರೆ ಘಟಕದ್ದು. ನಡುವೆ ನಿಂತ ಹೊಲಿಗೆಯವರಿಗೆ ಸಿಗುವುದು ಬಟ್ಟೆಗೆ ಇಷ್ಟು ಎಂಬ ಚಿಕ್ಕ ಕಮಿಷನ್. ಅದರಲ್ಲಿ ಐವತ್ತು ಶಾಲಿನ ಬೆಲೆ ತುಂಬಿಕೊಡಿ ಎನ್ನುವುದು ಯಾವ ನ್ಯಾಯ? ಆದರೂ ಹಾಗೇ ನಡೆಯುತ್ತಿದೆ, ಏಕೆಂದರೆ ಯಾವುದಕ್ಕೂ ಲಿಖಿತ ಇರುವುದಿಲ್ಲ. ಪರಿಚಯದವರಲ್ಲವೇ, ನಮ್ಮೂರಿನವರಲ್ಲವೇ ಎಂದು ಬಾಯಿಮಾತಿನಲ್ಲಿ ಕೊಟ್ಟ ಆರ್ಡರಿನಲ್ಲೇ ಜಗಳ ಹೆಚ್ಚು. ಊರಿನವರೊಂದಿಗೆ ಜಗಳವಾದರೆ ಮುಂದಿನ ಮದುವೆ ಮುಂಜಿಯಲ್ಲಿ ಮುಖ ನೋಡುವುದೂ ಕಷ್ಟ.

ಪರಿಹಾರ ಕಷ್ಟದ್ದಲ್ಲ. ಹೆಸರನ್ನು ಟೈಪು ಮಾಡಿ ಕಳುಹಿಸಬೇಡಿ. ಆಮಂತ್ರಣ ಪತ್ರಿಕೆ ಮಾಡುವ ಡಿಟಿಪಿಯವರಿಂದ ಅಕ್ಷರಗಳನ್ನು ಚಿತ್ರವಾಗಿ ಬದಲಿಸಿದ ಪಿಡಿಎಫ್ ಮಾಡಿಸಿ, ನಿಜವಾದ ಅಳತೆಯ ಪ್ರಿಂಟ್ ಸಮೇತ ಕೊಡಿ. ಚಿತ್ರದಲ್ಲಿ ಒತ್ತು ಜಾರುವ ಭಯವಿಲ್ಲ. ಅಕ್ಷರ ತೀರಾ ಚಿಕ್ಕದಾಗಿ ಬೇಡ. ಸ್ಯಾಟಿನ್ ಗೆರೆ ಒಂದು ಮಿಲಿಮೀಟರಿಗಿಂತ ತೆಳುವಾದರೆ ಹೊಲಿಗೆ ಕೂರುವುದಿಲ್ಲ, ನಮ್ಮ ಅಕ್ಷರಗಳ ಒಳಗಿನ ಸುಳಿ ಮುಚ್ಚಿಹೋಗಿ ವ, ಪ, ಷ ಒಂದೇ ರೀತಿ ಕಾಣುತ್ತವೆ. ಇಂಗ್ಲಿಷ್ ಹೆಸರಿಗೆ ಸಾಕಾದ ಎತ್ತರ, ಕೆಳಗೆ ಒತ್ತು ಇರುವ ಕನ್ನಡ ಹೆಸರಿಗೆ ಸಾಲದು. ಕಿಸೆಯ ಮೇಲೆ ಮೂರು ಸಾಲು ತುರುಕುವ ಬದಲು ಒಂದು ಸಾಲು ಓದುವಂತೆ ಇರಲಿ.

ಆಮೇಲೆ ಬೇರೆ ಬಟ್ಟೆಯ ಚೂರಿನಲ್ಲಿ ಒಂದು ಸ್ಯಾಂಪಲ್ ಹೊಲಿಸಿ ತರಿಸಿಕೊಳ್ಳಿ. ಫೋನಿನ ಫೋಟೋ ಸಾಲದು. ಕನ್ನಡ ಚೆನ್ನಾಗಿ ಬಲ್ಲ, ಆ ಬರಹವನ್ನು ಮೊದಲು ನೋಡಿರದ ಒಬ್ಬರಿಂದ ಅಕ್ಷರ ಅಕ್ಷರವಾಗಿ ಓದಿಸಿ. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಸಂಘದ ನಿವೃತ್ತ ಕನ್ನಡ ಮಾಸ್ತರರ ಕಣ್ಣಿಗೆ ಕಾಣುತ್ತದೆ. ಸರಿಯಿದ್ದರೆ ಆ ಚೂರಿನ ಮೇಲೆಯೇ ಕಾರ್ಯದರ್ಶಿಯವರು ಪೆನ್ನಿನಲ್ಲಿ ಸಹಿ ಹಾಕಿ ತಾರೀಕು ಬರೆದು, ಒಂದನ್ನು ಹೊಲಿಗೆಯವರ ಬಳಿಯೂ ಒಂದನ್ನು ಘಟಕದಲ್ಲೂ ಇಡಿಸಬೇಕು. ತಪ್ಪು ಯಾರದು ಎಂದು ಆ ಚೂರೇ ಹೇಳುತ್ತದೆ.

ತಿದ್ದುವ ಕೆಲಸಕ್ಕೂ ಕೂಲಿ ಇದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹತ್ತು ನಿಮಿಷದಲ್ಲಿ ಯಂತ್ರ ಮಾಡಿದ್ದನ್ನು ಒಂದು ಮಧ್ಯಾಹ್ನ ಕೂತು ಬಿಚ್ಚುವ ಕಣ್ಣಿಗೆ, ಬೆನ್ನಿಗೆ ಬೆಲೆ ಕಟ್ಟದೆ, ಸ್ವಲ್ಪ ಸರಿ ಮಾಡಿಕೊಡಿ ಅಕ್ಕಾ ಎಂದು ಹೇಳಿ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಗಂಟೆಗೆ ಇಷ್ಟೆಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಹಿತ. ಹೊಲಿಗೆಯವರೂ ಅಷ್ಟೇ, ತೆಳು ರೇಷ್ಮೆಯನ್ನು ಬಿಚ್ಚಿದರೆ ತೂತು ಉಳಿಯಬಹುದು ಎಂದು ಕೆಲಸ ಹಿಡಿಯುವ ಮೊದಲೇ ಹೇಳಿಬಿಡಬೇಕು. ಆ ಮಾತಿಗೆ ಒಪ್ಪದವರ ಸೀರೆ ರವಿಕೆಗೆ ಕೈ ಹಾಕದಿರುವುದೇ ಲೇಸು.

ಇನ್ನೊಂದು ಸಣ್ಣ ಸಂಗತಿ. ಬಟ್ಟೆ ತರುವಾಗ ಘಟಕದವರಿಂದ ಪ್ರತಿ ಬಣ್ಣದ ದಾರವನ್ನೂ ಹತ್ತು ಹದಿನೈದು ಮೀಟರಿನಷ್ಟು ಒಂದು ರಟ್ಟಿಗೆ ಸುತ್ತಿಸಿಕೊಂಡು ಬನ್ನಿ, ಶೇಡ್ ನಂಬರನ್ನೂ ಬರೆಸಿಕೊಳ್ಳಿ. ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಅದೇ ಕೆಂಪನ್ನು ಮತ್ತೆ ಹುಡುಕಿಕೊಂಡು ಭುಲೇಶ್ವರದ ಗಲ್ಲಿಗಳನ್ನು ಸುತ್ತಿದವರಿಗೆ ಗೊತ್ತು, ಕೆಂಪಿನಲ್ಲಿ ಎಷ್ಟು ಕೆಂಪುಗಳಿವೆ ಎಂದು. ಆ ರಟ್ಟನ್ನು ಸಹಿ ಹಾಕಿದ ಚೂರಿನ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸಂಘದ ಕಪಾಟಿನಲ್ಲಿ ರಸೀದಿ ಪುಸ್ತಕದ ಪಕ್ಕ ಇಡಬಹುದು.